ಗಿರಾಕಿ ಕೇಳುವ ಮಾತನ್ನೇ ಪುಟದಲ್ಲಿ ಬರೆಯಿರಿ: ಉತ್ತರ ಕನ್ನಡದ ಸಣ್ಣ ಉದ್ದಿಮೆಗಳಿಗೆ ಕೀವರ್ಡ್ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾದವರೆಗೆ ಈಗ ಸಣ್ಣ ಸಣ್ಣ ಉದ್ದಿಮೆಗಳಿಗೂ ಸ್ವಂತ ವೆಬ್‌ಸೈಟ್ ಇದೆ. ಹೋಮ್‌ಸ್ಟೇ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ, ಮುರುಗಲು, ಒಣಮೀನು, ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್, ಹೀಗೆ ಎಲ್ಲಕ್ಕೂ. ಆದರೆ ಇವುಗಳಲ್ಲಿ ಎಷ್ಟೋ ವೆಬ್‌ಸೈಟ್‌ಗಳ ಮೊದಲ ಸಾಲು ಒಂದೇ ಥರ ಇರುತ್ತದೆ. 'ಸಹ್ಯಾದ್ರಿಯ ಹಸಿರು ಮಡಿಲಲ್ಲಿ, ಪ್ರಕೃತಿಯ ಸೊಬಗಿನ ನಡುವೆ ನಿಮಗೆ ಆತ್ಮೀಯ ಸ್ವಾಗತ.'

ಓದಲು ಚೆಂದವೇ. ಆದರೆ ಆ ಸಾಲಿನಲ್ಲಿ ಊರಿನ ಹೆಸರಿಲ್ಲ. ಏನು ಸಿಗುತ್ತದೆ ಎಂದಿಲ್ಲ. ಗೂಗಲ್‌ನಲ್ಲಿ 'ಹಸಿರು ಮಡಿಲು' ಎಂದು ಹುಡುಕುವವರು ಯಾರು? 'ಯಾಣ ಹತ್ತಿರ ಊಟ ಇರುವ ಹೋಮ್‌ಸ್ಟೇ' ಎಂದು ಹುಡುಕುತ್ತಾರೆ. ಆ ಮಾತು ನಿಮ್ಮ ಪುಟದಲ್ಲಿ ಎಲ್ಲೂ ಇಲ್ಲದಿದ್ದರೆ ದೊಡ್ಡ ಬುಕಿಂಗ್ ಕಂಪನಿಗಳ ಪುಟಗಳೇ ಮೇಲೆ ಬರುತ್ತವೆ. ಅತಿಥಿ ಕೊನೆಗೆ ನಿಮ್ಮ ಮನೆಗೇ ಬಂದರೂ ಅವರು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಕಮಿಷನ್‌ಗೆ ಹೋಗಿರುತ್ತದೆ. ಮನೆಮಂದಿಯೆಲ್ಲ ಸೇರಿ ನಡೆಸುವ ಉದ್ದಿಮೆಗೆ ಆ ಪಾಲು ಸಣ್ಣದಲ್ಲ. ಇದನ್ನು ತಪ್ಪಿಸಲು ಖರ್ಚೇನೂ ಬೇಡ, ಎರಡು ಮೂರು ಸಂಜೆಯ ಕೆಲಸ ಸಾಕು. ಅದನ್ನು ಹೇಗೆ ಮಾಡುವುದು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು, ಕೀವರ್ಡ್ ಅಂದರೆ ಏನು

ಜನ ಹುಡುಕುವಾಗ ಟೈಪ್ ಮಾಡುವ ಅಥವಾ ಫೋನಿಗೆ ಹೇಳುವ ಮಾತೇ ಕೀವರ್ಡ್. ಒಂದು ಪದ ಇರಬಹುದು, ಇಡೀ ವಾಕ್ಯವೂ ಇರಬಹುದು.

ಗೂಗಲ್ ಕೆಲಸ ಮಾಡುವುದು ಮೂರು ಹಂತದಲ್ಲಿ. ಮೊದಲು ಅದರ ತಂತ್ರಾಂಶ ಪುಟಗಳನ್ನು ಹುಡುಕಿಕೊಂಡು ಬಂದು ಓದುತ್ತದೆ. ಓದಿದ್ದನ್ನು ತನ್ನ ಸೂಚಿಯಲ್ಲಿ ಸೇರಿಸಿಕೊಳ್ಳುತ್ತದೆ. ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ತೆಗೆದು ತೋರಿಸುತ್ತದೆ. ಯಾವ ಪುಟ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸಲು ಅದು ನೂರಾರು ವಿಷಯ ನೋಡುತ್ತದೆ. ಪುಟದಲ್ಲಿರುವ ಪದಗಳು ಅದರಲ್ಲಿ ಒಂದು ಭಾಗ ಮಾತ್ರ. ಆದರೆ ನಮ್ಮ ಕೈಯಲ್ಲಿ ಪೂರ್ತಿಯಾಗಿ ಇರುವ ಭಾಗ ಅದು.

ಹಿಂದೆ ಒಂದೇ ಪದವನ್ನು ಹತ್ತಾರು ಸಲ ಬರೆದರೆ ಪುಟ ಮೇಲೆ ಬರುತ್ತಿತ್ತು. ಆ ಕಾಲ ಹೋಯಿತು. ಗೂಗಲ್ ತನ್ನ ಲೆಕ್ಕಾಚಾರದಲ್ಲಿ 2011ರಲ್ಲಿ ಮಾಡಿದ 'ಪಾಂಡಾ' ಎಂಬ ಬದಲಾವಣೆಯಿಂದ ಹುರುಳಿಲ್ಲದ ಪುಟಗಳು ಕೆಳಗಿಳಿದವು. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್ ಎಂಬ ಬದಲಾವಣೆಗಳು ಬಂದ ಮೇಲೆ ಗೂಗಲ್ ಬಿಡಿ ಪದಗಳಿಗಿಂತ ಇಡೀ ಪ್ರಶ್ನೆಯ ಅರ್ಥವನ್ನು ನೋಡುವುದು ಜಾಸ್ತಿಯಾಯಿತು. ಹಾಗಾದರೆ ಕೀವರ್ಡ್ ಬೇಡವೇ ಅಂದರೆ, ಬೇಕು. ಯಾಣದ ಹೆಸರೇ ಇಲ್ಲದ ಪುಟವನ್ನು ಯಾಣಕ್ಕೆ ಹೊರಟವರಿಗೆ ತೋರಿಸಲು ಗೂಗಲ್‌ಗೆ ಕಾರಣವೇ ಸಿಗುವುದಿಲ್ಲ ಅಲ್ವಾ?

ಹಂತ 1: ಒಂದು ನೋಟ್‌ಬುಕ್ ಹಿಡಿದು ಕೂರಿ

ಕೀವರ್ಡ್ ಹುಡುಕಲು ಕಂಪ್ಯೂಟರ್ ಮುಂದೆ ಕೂರುವುದು ಆಮೇಲೆ. ಮೊದಲು ನಿಮ್ಮ ವಾಟ್ಸಾಪ್ ತೆರೆಯಿರಿ. ಗಿರಾಕಿಗಳು ಕಳಿಸಿದ ಹಳೆಯ ಮೆಸೇಜ್‌ಗಳನ್ನೆಲ್ಲ ಓದುತ್ತಾ ಹೋಗಿ. ಫೋನ್ ಮಾಡಿದವರು ಏನು ಕೇಳಿದರು ಎಂದು ಮನೆಯಲ್ಲಿ ಫೋನ್ ಎತ್ತುವವರನ್ನು ಕೇಳಿ. ಅವರು ಆಡಿದ ಮಾತನ್ನು ಹಾಗೇ ಬರೆದುಕೊಳ್ಳಿ. ತಿದ್ದಬೇಡಿ, ಚೆಂದ ಮಾಡಬೇಡಿ.

ಯಾಣದ ಹತ್ತಿರ ಅಡಿಕೆ ತೋಟದ ನಡುವೆ ಒಂದು ಹೋಮ್‌ಸ್ಟೇ ಇದೆ ಅಂದುಕೊಳ್ಳೋಣ. ನೋಟ್‌ಬುಕ್‌ನಲ್ಲಿ ಹೀಗೆಲ್ಲ ಬರುತ್ತದೆ:

'ಯಾಣದಿಂದ ನಿಮ್ಮಲ್ಲಿಗೆ ಎಷ್ಟು ಕಿಲೋಮೀಟರ್?'
'ಮನೆ ತನಕ ಕಾರು ಬರುತ್ತಾ? ರಸ್ತೆ ಹೇಗಿದೆ?'
'ಊಟ, ತಿಂಡಿ ಸೇರಿ ಒಬ್ಬರಿಗೆ ಎಷ್ಟಾಗುತ್ತೆ?'
'ಹವ್ಯಕ ಊಟ ಸಿಗುತ್ತಾ? ತೊಡದೇವು ಮಾಡಿಕೊಡ್ತೀರಾ?'
'ಬೆಂಗಳೂರಿಂದ ಟ್ರೇನಲ್ಲಿ ಬಂದರೆ ಎಲ್ಲಿ ಇಳೀಬೇಕು?'
'ಮಳೆಗಾಲದಲ್ಲಿ ಜಿಗಣೆ ಜಾಸ್ತಿನಾ?'
'ಫೋನ್ ನೆಟ್‌ವರ್ಕ್ ಸಿಗುತ್ತಾ? ವರ್ಕ್ ಫ್ರಮ್ ಹೋಮ್ ಮಾಡಬಹುದಾ?'

ಇಲ್ಲಿರುವ ಪ್ರತಿಯೊಂದು ಸಾಲೂ ಕೀವರ್ಡೇ. ನಿಮಗೆ ಫೋನ್ ಮಾಡಿ ಕೇಳಿದವರು ಕೆಲವರು. ಅದನ್ನೇ ಗೂಗಲ್‌ಗೆ ಕೇಳಿ, ಉತ್ತರ ಕೊಟ್ಟ ಬೇರೆಯವರ ಮನೆಗೆ ಹೋದವರೂ ಇರುತ್ತಾರೆ.

ಜಿಗಣೆಯ ಸಾಲನ್ನು ಗಮನಿಸಿ. ನಾವು ಉಂಬಳ ಅನ್ನುತ್ತೇವೆ. ಬೆಂಗಳೂರು, ಮೈಸೂರಿನ ಕಡೆಯವರು ಜಿಗಣೆ ಎಂದು ಟೈಪ್ ಮಾಡುತ್ತಾರೆ, ಇಲ್ಲವೇ ಇಂಗ್ಲಿಷ್‌ನಲ್ಲಿ ಲೀಚ್ ಎಂದು. ಪುಟದಲ್ಲಿ ಬರೀ ಉಂಬಳ ಇದ್ದರೆ ಅವರಿಗೆ ನೀವು ಸಿಗುವುದು ಕಷ್ಟ. ಮಾರುವ ವಸ್ತುಗಳಿಗೂ ಇದೇ ಮಾತು. ನಮ್ಮ ಮುರುಗಲು ಮಂಗಳೂರಿನ ಕಡೆಗೆ ಪುನರ್ಪುಳಿ. ಗೋವಾ, ಮುಂಬೈ ಗಿರಾಕಿಗೆ ಕೋಕಂ. ಕಾರವಾರದ ಮೀನು ಮಾರ್ಕೆಟ್ಟಿನ ಇಸೋಣ ಮಂಗಳೂರಿನಲ್ಲಿ ಅಂಜಲ್, ಗೋವಾ ದಾಟಿದರೆ ಸುರಮಯಿ, ಹೋಟೆಲ್ ಮೆನುವಿನಲ್ಲಿ ಕಿಂಗ್‌ಫಿಶ್. ನೋಟ್‌ಬುಕ್‌ನಲ್ಲಿ ಪ್ರತಿ ವಸ್ತುವಿನ ಮುಂದೆ ಅದರ ಎಲ್ಲ ಹೆಸರುಗಳನ್ನೂ ಬರೆಯಿರಿ. ಯಾವ ಊರಿನ ಗಿರಾಕಿ ನಿಮಗೆ ಜಾಸ್ತಿಯೋ ಆ ಊರಿನವರು ಬಳಸುವ ಹೆಸರಿಗೆ ಅಡಿಗೆರೆ ಹಾಕಿ.

ಈ ಹಂತವನ್ನು ಹಾರಿಸಬೇಡಿ. ಯಾವ ದುಬಾರಿ ತಂತ್ರಾಂಶವೂ ಈ ನೋಟ್‌ಬುಕ್ ಕೊಡುವಷ್ಟು ಒಳ್ಳೆಯ ಪಟ್ಟಿ ಕೊಡುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 2: ಗೂಗಲ್‌ನಲ್ಲೇ ಪರೀಕ್ಷೆ ಮಾಡಿ

ಈಗ ಫೋನ್ ತೆಗೆದುಕೊಳ್ಳಿ. ನಿಮ್ಮ ಹಳೆಯ ಹುಡುಕಾಟಗಳ ನೆರಳು ಬೀಳದಂತೆ ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಗೂಗಲ್ ತೆರೆಯಿರಿ. ಪಟ್ಟಿಯ ಒಂದು ಮಾತನ್ನು ಅರ್ಧ ಟೈಪ್ ಮಾಡಿ ನಿಲ್ಲಿಸಿ. 'ಶಿರಸಿ ಹತ್ತಿರ' ಎಂದು ಬರೆದು ಬಿಟ್ಟರೆ ಕೆಳಗೆ ಸಲಹೆಗಳು ಇಳಿಯುತ್ತವೆ. ಅವು ಜನ ನಿಜವಾಗಿ ಹುಡುಕುವ ಮಾತುಗಳಿಂದ ಬಂದವು. ಒಂದೊಂದನ್ನೂ ಬರೆದುಕೊಳ್ಳಿ.

ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಮಾಡಿ. ನಮ್ಮ ಜನರಲ್ಲಿ ಕನ್ನಡದಲ್ಲೇ ಯೋಚಿಸಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಬಹಳ. ಎರಡರಲ್ಲೂ ಬರುವ ಸಲಹೆಗಳು ಬೇರೆ ಬೇರೆ ಇರುತ್ತವೆ.

ಹುಡುಕಿದ ಮೇಲೆ ಪುಟದ ನಡುವೆ 'ಜನರು ಇದನ್ನೂ ಕೇಳುತ್ತಾರೆ' ಎಂಬಂಥ ಪ್ರಶ್ನೆಗಳ ಪೆಟ್ಟಿಗೆ ಬರಬಹುದು. ಕೊನೆಯಲ್ಲಿ ಸಂಬಂಧಿಸಿದ ಹುಡುಕಾಟಗಳಿರುತ್ತವೆ. ಅವನ್ನೂ ಪಟ್ಟಿಗೆ ಸೇರಿಸಿ. ಮೇಲೆ ಬಂದಿರುವ ಪುಟಗಳು ಎಂಥವು ಎಂದೂ ನೋಡಿ. ಎಲ್ಲವೂ ದೊಡ್ಡ ಪ್ರವಾಸಿ ಕಂಪನಿಗಳದ್ದೇ ಆಗಿದ್ದರೆ ಆ ಮಾತಿನ ಮೇಲೆ ಈಗಲೇ ಪೈಪೋಟಿ ಮಾಡುವುದು ಬೇಡ. ನಿಮ್ಮಂಥದೇ ಸಣ್ಣ ಪುಟಗಳು ಕಂಡರೆ ಅಲ್ಲಿ ನಿಮಗೂ ಜಾಗವಿದೆ.

ಗೂಗಲ್ ಟ್ರೆಂಡ್ಸ್ ಎಂಬ ಉಚಿತ ತಾಣದಲ್ಲಿ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ರಾಜ್ಯದ ಮಟ್ಟಕ್ಕೆ ಇಳಿಸಿ ಕರ್ನಾಟಕ ಎಂದು ಆರಿಸಿಕೊಳ್ಳಿ. ಅಲ್ಲಿ ಕಾಣುವ 0ರಿಂದ 100ರ ಅಂಕಿ ಹುಡುಕಿದವರ ಲೆಕ್ಕವಲ್ಲ. ಆ ಅವಧಿಯಲ್ಲಿ ಹುಡುಕಾಟ ಅತಿ ಹೆಚ್ಚಿದ್ದ ಹೊತ್ತಿಗೆ 100 ಎಂದು ಕೊಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ. ಯಾವ ತಿಂಗಳು ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ತಿಳಿಯಲು ಇದು ಬಹಳ ಒಳ್ಳೆಯದು. ಜಾಹೀರಾತು ಕೊಡಲು ಬಳಸುವ ಗೂಗಲ್ ಆಡ್ಸ್ ಖಾತೆ ಇದ್ದರೆ, ಯಾವ ಮಾತನ್ನು ಸುಮಾರು ಎಷ್ಟು ಸಲ ಹುಡುಕುತ್ತಾರೆ ಎಂದು ತೋರಿಸುವ ಕೀವರ್ಡ್ ಪ್ಲಾನರ್ ಕೂಡ ಸಿಗುತ್ತದೆ.

ಒಂದು ಎಚ್ಚರಿಕೆ. ಕನ್ನಡದ ಪದಗಳಿಗೆ, ಅದರಲ್ಲೂ ಸಣ್ಣ ಊರುಗಳ ಹೆಸರಿಗೆ, ಈ ಸಾಧನಗಳು 'ಮಾಹಿತಿ ಸಾಲದು' ಎಂದೋ ಸೊನ್ನೆ ಎಂದೋ ತೋರಿಸುವುದುಂಟು. ಅದನ್ನು ನೋಡಿ ಆ ಮಾತನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಹೋಮ್‌ಸ್ಟೇಯಲ್ಲಿ ಇರುವುದೇ ನಾಲ್ಕೈದು ಕೋಣೆ. ತಿಂಗಳಿಗೆ ಹತ್ತು ಮಂದಿ ಸರಿಯಾದವರು ಹುಡುಕಿಕೊಂಡು ಬಂದರೆ ಅಷ್ಟೇ ಸಾಕು.

ಹಂತ 3: ಆರಿಸಿ, ಪುಟಗಳಿಗೆ ಹಂಚಿ

ಪಟ್ಟಿ ಉದ್ದವಾಯಿತು. ಈಗ ಪ್ರತಿ ಮಾತಿನ ಮುಂದೆ ಒಂದು ಪ್ರಶ್ನೆ ಹಾಕಿ: ಇದನ್ನು ಹುಡುಕುವವರಿಗೆ ಏನು ಬೇಕು?

ಬರೀ 'ಗೋಕರ್ಣ' ಎಂದು ಹುಡುಕಿದವರಿಗೆ ಮಹಾಬಲೇಶ್ವರ ದೇವಸ್ಥಾನದ ಪೂಜೆ ಸಮಯ ಬೇಕೋ, ಓಂ ಬೀಚ್‌ನ ದಾರಿ ಬೇಕೋ, ಬಸ್ ಟೈಮ್ ಬೇಕೋ ಗೊತ್ತಾಗುವುದಿಲ್ಲ. ಅಲ್ಲಿ ಪೈಪೋಟಿಯೂ ವಿಪರೀತ. 'ಗೋಕರ್ಣ ರೋಡ್ ರೈಲ್ವೆ ಸ್ಟೇಷನ್ ಹತ್ತಿರ ಕುಟುಂಬಕ್ಕೆ ರೂಮ್' ಎಂದು ಹುಡುಕುವವರು ಕಡಿಮೆ. ಆದರೆ ಅವರಿಗೆ ಏನು ಬೇಕು ಎಂಬುದು ಪೂರ್ತಿ ಸ್ಪಷ್ಟ. ಬೆಳಗಿನ ಜಾವ ರೈಲಿನಿಂದ ಇಳಿದು ಮಕ್ಕಳೊಂದಿಗೆ ನಿಂತಿರುವವರು ಇರಬಹುದು. ಸಣ್ಣ ಉದ್ದಿಮೆ ಹಿಡಿಯಬೇಕಾದ್ದು ಇಂಥ ಉದ್ದನೆಯ, ಕರಾರುವಾಕ್ಕಾದ ಮಾತುಗಳನ್ನೇ.

ಹುಡುಕಾಟ ಬಹಳ ಇದೆ ಎಂದು ನಮ್ಮದಲ್ಲದ ಮಾತಿನ ಹಿಂದೆ ಹೋಗುವುದೂ ಬೇಡ. 'ಶಿರಸಿ ಅಡಿಕೆ ಧಾರಣೆ ಇಂದು' ಎಂಬುದನ್ನು ಬೆಳೆಗಾರರು ದಿನಾ ಹುಡುಕುತ್ತಾರೆ. ಅವರಿಗೆ ಬೇಕಾದ್ದು ಇವತ್ತಿನ ರಾಶಿ, ಚಾಲಿ, ಬೆಟ್ಟೆಯ ದರ. ನೀವು ಅಡಿಕೆ ಹಾಳೆ ತಟ್ಟೆ ಮಾರುವವರು ಅಂದುಕೊಳ್ಳೋಣ, ದಿನಾ ದರ ಹಾಕುವವರಲ್ಲ. ಆ ಮಾತನ್ನು ನಿಮ್ಮ ಪುಟಕ್ಕೆ ತುರುಕಿದರೆ ಬಂದವರು ಎರಡು ಸೆಕೆಂಡಿನಲ್ಲಿ ವಾಪಸ್ ಹೋಗುತ್ತಾರೆ. 'ಮದುವೆಗೆ ಅಡಿಕೆ ಹಾಳೆ ತಟ್ಟೆ ಹೋಲ್‌ಸೇಲ್' ನಿಮ್ಮ ಮಾತು.

ಇನ್ನು ಹಂಚುವ ಕೆಲಸ. ಒಂದು ಪುಟಕ್ಕೆ ಒಂದೇ ಮುಖ್ಯ ವಿಷಯ. ನಮ್ಮ ಉದಾಹರಣೆಯ ಹೋಮ್‌ಸ್ಟೇಗೆ ಮುಖಪುಟದ ಮಾತು 'ಯಾಣ ಹತ್ತಿರ ಹೋಮ್‌ಸ್ಟೇ'. ಊಟಕ್ಕೆ ಒಂದು ಪುಟ. ತಲುಪುವ ದಾರಿಗೆ ಒಂದು ಪುಟ, ಅದರಲ್ಲಿ ಶಿರಸಿಯಿಂದ, ಕುಮಟಾದಿಂದ, ಹುಬ್ಬಳ್ಳಿಯಿಂದ ಹೇಗೆ ಬರುವುದು ಎಂದು ಬೇರೆ ಬೇರೆ ಬರೆಯಿರಿ. ಸುತ್ತಲಿನ ಸ್ಥಳಗಳಿಗೆ ಒಂದು ಪುಟ: ವಿಭೂತಿ ಜಲಪಾತ, ಸಹಸ್ರಲಿಂಗ, ಮಿರ್ಜಾನ ಕೋಟೆ. ಜಿಗಣೆ, ನೆಟ್‌ವರ್ಕ್‌ನಂಥ ಸಣ್ಣ ಪ್ರಶ್ನೆಗಳೆಲ್ಲ ಸೇರಿ ಪ್ರಶ್ನೋತ್ತರದ ಪುಟ ಒಂದು. ಒಂದೇ ಮಾತಿಗೆ ಎರಡು ಮೂರು ಪುಟ ಮಾಡಿದರೆ ಯಾವುದನ್ನು ತೋರಿಸಬೇಕು ಎಂದು ಗೂಗಲ್‌ಗೆ ಗೊಂದಲ. ನಿಮ್ಮ ಪುಟಗಳೇ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ.

ಊರಿನ ಹೆಸರು ಮಾತ್ರ ಬದಲಿಸಿ ಒಂದೇ ಬರಹವನ್ನು ಕುಮಟಾಕ್ಕೊಂದು, ಅಂಕೋಲಾಕ್ಕೊಂದು, ಹೊನ್ನಾವರಕ್ಕೊಂದು, ಭಟ್ಕಳಕ್ಕೊಂದು ಪುಟ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಖಂಡಿತ ಒಪ್ಪಬೇಡಿ. ಇದು ಗೂಗಲ್‌ನ ಸ್ಪ್ಯಾಮ್ (ಹುಡುಕಾಟವನ್ನು ವಂಚಿಸುವ ಕೆಲಸ) ನಿಯಮಗಳಲ್ಲಿ ಹೆಸರಿಸಿಯೇ ಬೇಡ ಎಂದಿರುವ ಕೆಲಸ.

ಹಂತ 4: ಎಲ್ಲೆಲ್ಲಿ ಇಡಬೇಕು

ಎಲ್ಲಕ್ಕಿಂತ ಮುಖ್ಯ ಜಾಗ ಪುಟದ ಟೈಟಲ್. ಹುಡುಕಾಟದ ಫಲಿತಾಂಶದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಬಹುತೇಕ ಅದೇ. ಎಷ್ಟೋ ವೆಬ್‌ಸೈಟ್‌ಗಳಲ್ಲಿ ಅಲ್ಲಿ ಬರೀ 'ಹೋಮ್' ಅಂತ ಇರುತ್ತದೆ, ಅಥವಾ ಮನೆಯ ಹೆಸರಷ್ಟೇ ಇರುತ್ತದೆ. ಹೀಗೆ ಬರೆಯಬಹುದು: 'ಯಾಣ ಹತ್ತಿರ ಹೋಮ್‌ಸ್ಟೇ, ಹವ್ಯಕ ಊಟ ಸಹಿತ'. ಆಮೇಲೆ ಒಂದು ಗೆರೆ, ಆಮೇಲೆ ನಿಮ್ಮ ಮನೆಯ ಹೆಸರು. ಟೈಟಲ್‌ಗೆ ಇಷ್ಟೇ ಅಕ್ಷರ ಎಂಬ ಕಟ್ಟುಪಾಡಿಲ್ಲ. ಆದರೆ ಪರದೆಯ ಅಗಲಕ್ಕೆ ಮೀರಿದ್ದನ್ನು ಗೂಗಲ್ ಕತ್ತರಿಸಿ ತೋರಿಸುತ್ತದೆ. ಕನ್ನಡದ ಅಕ್ಷರಗಳು ಅಗಲ. ಹಾಗಾಗಿ ಮುಖ್ಯ ಮಾತು ಮೊದಲು ಬರಲಿ. ಪ್ರತಿ ಪುಟಕ್ಕೂ ಬೇರೆ ಟೈಟಲ್ ಇರಲಿ.

ಪುಟದ ಒಳಗೆ ಮೇಲೆ ಕಾಣುವ ದೊಡ್ಡ ತಲೆಬರಹದಲ್ಲೂ ಅದೇ ಮಾತು ಬರಲಿ. ಪದಕ್ಕೆ ಪದ ಟೈಟಲ್‌ನಂತೆಯೇ ಇರಬೇಕೆಂದಿಲ್ಲ. ಮೊದಲ ಪ್ಯಾರಾದಲ್ಲಿ ಎಲ್ಲಿ, ಏನು, ಯಾರಿಗೆ ಎಂಬ ಮೂರೂ ಬರಬೇಕು. ಹಸಿರು ಮಡಿಲು, ಸ್ವಾಗತ ಎಲ್ಲ ಅದರ ನಂತರ ಬರಲಿ. ಉಪ ತಲೆಬರಹಗಳಿಗೆ ನೋಟ್‌ಬುಕ್‌ನ ಪ್ರಶ್ನೆಗಳನ್ನೇ ಎತ್ತಿಡಿ. 'ಮನೆ ತನಕ ಕಾರು ಬರುತ್ತದೆಯೇ?' ಎಂಬ ಉಪ ತಲೆಬರಹ, ಕೆಳಗೆ ಮೊದಲ ಸಾಲಿನಲ್ಲೇ ನೇರ ಉತ್ತರ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ ಇದ್ದರೆ ಹಾಗೇ ಬರೆಯಿರಿ. ಅದೂ ಜನ ಹುಡುಕುವ ಮಾಹಿತಿ.

ಚಿತ್ರಗಳ ವಿಷಯದಲ್ಲಿ ನಮ್ಮವರು ಬಹಳ ಕಳೆದುಕೊಳ್ಳುತ್ತಿದ್ದಾರೆ. ಎಷ್ಟು ಒಳ್ಳೆಯ ಫೋಟೋಗಳಿರುತ್ತವೆ! ಆದರೆ ಫೈಲ್ ಹೆಸರು ಫೋನ್ ಕೊಟ್ಟ ಅಂಕಿಗಳ ಸಾಲು, ಆಲ್ಟ್ ಬರಹ ಖಾಲಿ. ಆಲ್ಟ್ ಬರಹ ಅಂದರೆ ಚಿತ್ರಕ್ಕೆ ಕೊಡುವ ಚಿಕ್ಕ ವಿವರಣೆ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ, ಗೂಗಲ್ ಅದರಿಂದ ಚಿತ್ರವನ್ನು ಅರ್ಥ ಮಾಡಿಕೊಳ್ಳುತ್ತದೆ. 'ಬಾಳೆ ಎಲೆಯಲ್ಲಿ ಅಪ್ಪೆಹುಳಿ, ತಂಬುಳಿ ಇರುವ ಹವ್ಯಕ ಊಟ' ಎಂದು ಬರೆದರೆ ಇಬ್ಬರಿಗೂ ಅನುಕೂಲ. 'ಹೋಮ್‌ಸ್ಟೇ, ಶಿರಸಿ ಹೋಮ್‌ಸ್ಟೇ, ಬೆಸ್ಟ್ ಹೋಮ್‌ಸ್ಟೇ' ಎಂದು ಬರೆದರೆ ಕಣ್ಣು ಕಾಣದವರಿಗೆ ಅದು ಕಿರಿಕಿರಿ, ಗೂಗಲ್‌ಗೆ ಸ್ಪ್ಯಾಮ್.

ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಕೊಡುವಾಗ 'ಇಲ್ಲಿ ಕ್ಲಿಕ್ ಮಾಡಿ' ಬೇಡ. 'ಕುಮಟಾದಿಂದ ಬರುವ ದಾರಿ' ಎಂದೇ ಲಿಂಕ್ ಇರಲಿ. ಪುಟದ ವಿಳಾಸ ಚಿಕ್ಕದಾಗಿ, ಓದಿದರೆ ಅರ್ಥವಾಗುವಂತಿರಲಿ. ಕನ್ನಡ ಅಕ್ಷರದ ವಿಳಾಸ ಗೂಗಲ್‌ಗೆ ತೊಂದರೆಯಿಲ್ಲ. ಆದರೆ ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆ, ಅಂಕಿಗಳ ಉದ್ದನೆಯ ಸಾಲಾಗಿಬಿಡುವುದುಂಟು. ಅದಕ್ಕೇ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರುವುದು ಒಳ್ಳೆಯದು.

ಫಲಿತಾಂಶದಲ್ಲಿ ಟೈಟಲ್ ಕೆಳಗೆ ಕಾಣುವ, ಮೆಟಾ ಡಿಸ್ಕ್ರಿಪ್ಷನ್ ಎಂಬ ಎರಡು ಸಾಲಿನ ಪರಿಚಯದಿಂದ ಪುಟ ನೇರವಾಗಿ ಮೇಲೇರುವುದಿಲ್ಲ. ಕೆಲವೊಮ್ಮೆ ಗೂಗಲ್ ಅದನ್ನು ಬಿಟ್ಟು ಪುಟದ ಒಳಗಿನ ಸಾಲನ್ನೇ ತೋರಿಸುತ್ತದೆ. ಆದರೂ ಬರೆಯಿರಿ. ಅದನ್ನು ಓದಿಯೇ ಜನ ಕ್ಲಿಕ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಪುಟದ ಕೋಡ್‌ನಲ್ಲಿ, ಓದುಗರಿಗೆ ಕಾಣದಂತೆ ಕೀವರ್ಡ್ ಪಟ್ಟಿ ಹಾಕುವ ಮೆಟಾ ಕೀವರ್ಡ್ಸ್ ಎಂಬ ಜಾಗಕ್ಕೆ ಮಾತ್ರ ಒಂದು ನಿಮಿಷವನ್ನೂ ಕೊಡಬೇಡಿ. ಹುಡುಕಾಟದ ಸ್ಥಾನ ನಿರ್ಧರಿಸಲು ಅದನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಅದನ್ನು ತುಂಬಿಕೊಡಲು ದುಡ್ಡು ಕೇಳಿದರೆ ಕೊಡಬೇಡಿ.

ಹಂತ 5: ಎಷ್ಟು ಸಲ ಬರೆಯಬೇಕು?

ಇದು ಎಲ್ಲರೂ ಕೇಳುವ ಪ್ರಶ್ನೆ. ನೂರು ಪದಕ್ಕೆ ಇಷ್ಟು ಸಲ ಎಂಬ ಲೆಕ್ಕವನ್ನು ಗೂಗಲ್ ಎಲ್ಲೂ ಕೊಟ್ಟಿಲ್ಲ. ಯಾರಾದರೂ ಶೇಕಡಾವಾರು ಹೇಳಿದರೆ ಅದು ಅವರ ಅಂದಾಜು. ಈ ಎರಡು ಪ್ಯಾರಾ ಓದಿ ನೋಡಿ.

'ಶಿರಸಿ ಹೋಮ್‌ಸ್ಟೇ ಹುಡುಕುತ್ತಿದ್ದೀರಾ? ನಮ್ಮ ಶಿರಸಿ ಹೋಮ್‌ಸ್ಟೇ ಶಿರಸಿಯ ಅತ್ಯುತ್ತಮ ಹೋಮ್‌ಸ್ಟೇ. ಶಿರಸಿ ಹೋಮ್‌ಸ್ಟೇ ಬುಕ್ ಮಾಡಲು ಇಂದೇ ನಮ್ಮ ಶಿರಸಿ ಹೋಮ್‌ಸ್ಟೇಗೆ ಕರೆ ಮಾಡಿ.'

'ನಮ್ಮ ಹೋಮ್‌ಸ್ಟೇ ಇರುವುದು ಶಿರಸಿ–ಕುಮಟಾ ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ. ಯಾಣಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಎರಡು ಕೋಣೆಗಳಿವೆ, ಎರಡಕ್ಕೂ ಒಳಗೇ ಬಾತ್‌ರೂಮ್ ಇದೆ. ಊಟ ಮನೆಯಲ್ಲೇ ಮಾಡಿದ್ದು, ಸಸ್ಯಾಹಾರ ಮಾತ್ರ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಉಂಬಳ ಹತ್ತುತ್ತವೆ. ಜಿಗಣೆಯ ಭಯ ಇರುವವರು ನವೆಂಬರ್ ನಂತರ ಬನ್ನಿ.'

ಮೊದಲನೆಯದರಲ್ಲಿ ಒಂದೇ ಮಾತು ಸುತ್ತಿ ಸುತ್ತಿ ಬಂದಿದೆ, ಓದಿದವರಿಗೆ ಏನೂ ತಿಳಿಯಲಿಲ್ಲ. ಎರಡನೆಯದರಲ್ಲಿ ಹೋಮ್‌ಸ್ಟೇ ಎಂಬ ಪದ ಒಂದೇ ಸಲ ಬಂದಿದೆ. ಆದರೆ ಶಿರಸಿ, ಕುಮಟಾ, ಯಾಣ, ಅಡಿಕೆ ತೋಟ, ಬಾತ್‌ರೂಮ್, ಸಸ್ಯಾಹಾರ, ಮಳೆಗಾಲ, ಜಿಗಣೆ ಎಲ್ಲವೂ ತಾವಾಗಿಯೇ ಬಂದು ಕೂತಿವೆ. ಈ ಪ್ಯಾರಾ ಎಷ್ಟೋ ಬೇರೆ ಬೇರೆ ಹುಡುಕಾಟಗಳಿಗೆ ಹೊಂದುತ್ತದೆ. ವಿಷಯವನ್ನು ಪೂರ್ತಿಯಾಗಿ ಹೇಳಿದರೆ ಬೇಕಾದ ಪದಗಳು ಬಂದೇ ಬರುತ್ತವೆ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ಯಾವ ಪದ ಕಿವಿಗೆ ಚುಚ್ಚುತ್ತದೋ ಅದನ್ನು ತೆಗೆಯಿರಿ.

ಪದಗಳನ್ನು ತುರುಕುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಊರುಗಳ ಹೆಸರು ಬಚ್ಚಿಡುವುದೂ ಹಾಗೇ. ಪುಟ ಕೆಳಗೆ ಹೋಗಬಹುದು, ಫಲಿತಾಂಶದಿಂದಲೇ ಕಾಣೆಯಾಗಬಹುದು.

ತಿನ್ನುವ ವಸ್ತು ಮಾರುವವರಿಗೆ ಇನ್ನೊಂದು ಮಾತು. 'ಮುರುಗಲು ಕುಡಿದರೆ ತೂಕ ಇಳಿಯುತ್ತದೆ', 'ಜೇನುತುಪ್ಪದಿಂದ ಶುಗರ್ ಗುಣವಾಗುತ್ತದೆ' ಎಂಬ ಸಾಲುಗಳಿಗೆ ಹುಡುಕಾಟ ಬಹಳ ಇರಬಹುದು. ದಯವಿಟ್ಟು ಬರೆಯಬೇಡಿ. ಯಾರೋ ಅದನ್ನು ನಂಬಿ ಔಷಧ ಬಿಡಬಹುದು. ಶರಬತ್ತು ಮಾಡುವ ಕ್ರಮ, ಸಿಪ್ಪೆ ಒಣಗಿಸುವ ಬಗೆ, ಎಷ್ಟು ದಿನ ಇಡಬಹುದು ಎಂಬುದನ್ನು ಬರೆಯಿರಿ. ಅವನ್ನೂ ಜನ ಹುಡುಕುತ್ತಾರೆ.

ಕನ್ನಡದಲ್ಲಿ ಬರೆಯುವಾಗ ಗಮನಿಸಬೇಕಾದ್ದು

ಇಂಗ್ಲಿಷ್‌ಗೆ ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಯೂನಿಕೋಡ್, ಅಂದರೆ ಯಾವ ಫೋನ್, ಕಂಪ್ಯೂಟರಿನಲ್ಲೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಪದ್ಧತಿ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್‌ಗೆ ಅದರಲ್ಲಿ ಒಂದು ಕನ್ನಡ ಪದವೂ ಕಾಣುವುದಿಲ್ಲ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಕರಪತ್ರದ ಬರಹವನ್ನು ಹಾಗೇ ವೆಬ್‌ಸೈಟ್‌ಗೆ ಹಾಕುವಾಗ ಈ ತೊಂದರೆ ಬರುತ್ತದೆ. ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ. ಕರಪತ್ರವನ್ನೇ ಚಿತ್ರ ಮಾಡಿ ಹಾಕಿ, ಬರಹ ಬೇರೆ ಹಾಕದಿರುವುದೂ ಅಷ್ಟೇ ನಷ್ಟ. ದರಪಟ್ಟಿ, ಮೆನು, ದಾರಿ ಎಲ್ಲವೂ ಅಕ್ಷರದಲ್ಲೇ ಇರಲಿ.

ಎರಡನೆಯದು ವಿಭಕ್ತಿ. ಶಿರಸಿ, ಶಿರಸಿಯ, ಶಿರಸಿಯಲ್ಲಿ, ಶಿರಸಿಯಿಂದ. ಕನ್ನಡದಲ್ಲಿ ಪದ ಬಾಲ ಬದಲಿಸುತ್ತಲೇ ಇರುತ್ತದೆ. ಹುಡುಕುವವರು ಸಾಮಾನ್ಯವಾಗಿ ಬಾಲವಿಲ್ಲದೆ 'ಶಿರಸಿ ಹೋಮ್‌ಸ್ಟೇ' ಎಂದೇ ಟೈಪ್ ಮಾಡುತ್ತಾರೆ. ಟೈಟಲ್‌ನಲ್ಲಿ, ಒಂದೆರಡು ತಲೆಬರಹದಲ್ಲಿ ಮೂಲ ರೂಪ ಇಟ್ಟರೆ ಸಾಕು. ಒಳಗಿನ ವಾಕ್ಯಗಳಲ್ಲಿ ವ್ಯಾಕರಣ ಕೆಡಿಸಬೇಡಿ. 'ನಾವು ಶಿರಸಿ ಇದ್ದೇವೆ' ಎಂದು ಕೀವರ್ಡ್‌ಗೋಸ್ಕರ ಬರೆದರೆ ಓದುವವರಿಗೆ ನಂಬಿಕೆಯೇ ಹೋಗುತ್ತದೆ.

ಮೂರನೆಯದು ಕಾಗುಣಿತ. ಶಿರಸಿ, ಸಿರ್ಸಿ. ಹೋಮ್‌ಸ್ಟೇ, ಹೋಂ ಸ್ಟೇ. ಕೋಕಂ, ಕೋಕಮ್. ಒಂದು ರೂಪ ಆರಿಸಿ ಎಲ್ಲ ಕಡೆ ಅದನ್ನೇ ಬಳಸಿ. ಇನ್ನೊಂದು ರೂಪ ಚಿತ್ರದ ವಿವರಣೆಯಲ್ಲೋ ಪ್ರಶ್ನೋತ್ತರದಲ್ಲೋ ಒಮ್ಮೆ ಸಹಜವಾಗಿ ಬಂದರೆ ಸಾಕು. ಇಂಥ ವ್ಯತ್ಯಾಸಗಳನ್ನು ಗೂಗಲ್ ಬಹಳ ಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಉಂಬಳ–ಜಿಗಣೆ, ಮುರುಗಲು–ಪುನರ್ಪುಳಿಯಂಥ ಪೂರ್ತಿ ಬೇರೆ ಪದಗಳ ವಿಷಯದಲ್ಲಿ ಮಾತ್ರ ಅದನ್ನೇ ನಂಬಿ ಕೂರಬೇಡಿ. ಎರಡನ್ನೂ ಬರೆಯಿರಿ.

ಇಂಗ್ಲಿಷ್ ಓದುಗರೂ ಬೇಕಾದರೆ ಬೇರೆ ಪುಟ ಮಾಡಿ. ಒಂದೇ ಪುಟದಲ್ಲಿ ಎರಡೂ ಭಾಷೆಯನ್ನು ಕಲಸಬೇಡಿ. ಎರಡು ಪುಟಗಳೂ ಒಂದೇ ವಿಷಯದ ಎರಡು ಭಾಷೆ ಎಂದು ತಿಳಿಸುವ ಗುರುತನ್ನು ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿ ಹಾಕಿಸಿ. ಅದರ ಹೆಸರು ಎಚ್‌ರೆಫ್‌ಲ್ಯಾಂಗ್.

ಮ್ಯಾಪ್‌ನಲ್ಲೂ ಇರಿ

'ನನ್ನ ಹತ್ತಿರ ಮೀನೂಟ' ಎಂದು ಕಾರವಾರದ ಟಾಗೋರ್ ಬೀಚ್‌ನಲ್ಲಿ ನಿಂತು ಹುಡುಕಿದವರಿಗೆ ಮೊದಲು ಕಾಣುವುದು ಮ್ಯಾಪ್. ಅದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ಅದು ಉಚಿತ. ಸರಿಯಾದ ವರ್ಗ, ತೆರೆಯುವ ಸಮಯ, ಫೋಟೋ, ಫೋನ್ ನಂಬರ್ ಹಾಕಿ. ಬೋರ್ಡಿನ ಮೇಲಿರುವ ಹೆಸರನ್ನೇ ಕೊಡಿ. ಹೆಸರಿನ ಜೊತೆ 'ಬೆಸ್ಟ್ ಫಿಶ್ ಹೋಟೆಲ್ ಕಾರವಾರ' ಎಂದು ಅಂಟಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು.

ಹಂತ 6: ಫಲ ನೋಡಿ, ತಿದ್ದಿ

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನಕ್ಕೆ ನಿಮ್ಮ ವೆಬ್‌ಸೈಟ್ ಸೇರಿಸಿ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜನ ಏನೇನು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಮಂದಿ ಕ್ಲಿಕ್ ಮಾಡಿದರು, ಸರಾಸರಿ ಎಷ್ಟನೇ ಸ್ಥಾನ ಎಂದೆಲ್ಲ ಇರುತ್ತದೆ. 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಬಹಳ ಕಡಿಮೆ ಜನ ಹುಡುಕಿದ ಮಾತುಗಳನ್ನು ಖಾಸಗಿತನಕ್ಕಾಗಿ ತೋರಿಸುವುದಿಲ್ಲ.

ನೋಡಬೇಕಾದ್ದು ಮುಖ್ಯವಾಗಿ ಎರಡು. ಬಹಳ ಸಲ ಕಂಡು ಕ್ಲಿಕ್ ಕಡಿಮೆ ಇರುವ ಮಾತು ಒಂದು. ಅಲ್ಲಿ ಟೈಟಲ್ ತಿದ್ದಬೇಕು. ನೀವು ಬರೆದೇ ಇಲ್ಲದ, ಆದರೆ ಜನ ಹುಡುಕುತ್ತಿರುವ ಮಾತು ಇನ್ನೊಂದು. 'ಯಾಣ ಒಂದು ದಿನದ ಪ್ರವಾಸ' ಎಂಬುದಕ್ಕೆ ನಿಮ್ಮ ಪುಟ 30ನೇ ಸ್ಥಾನದಲ್ಲಿ ಕಾಣುತ್ತಿದ್ದರೆ ಅದಕ್ಕೊಂದು ಪುಟ ಬರೆಯಿರಿ. ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು, ಭೈರವೇಶ್ವರ ಶಿಖರದವರೆಗೆ ಎಷ್ಟು ನಡೆಯಬೇಕು, ಊಟ ಎಲ್ಲಿ ಸಿಗುತ್ತದೆ, ವಯಸ್ಸಾದವರು ಹತ್ತಬಹುದೇ ಎಂದು ಬರೆಯಲು ನಿಮಗಿಂತ ಗೊತ್ತಿರುವವರು ಯಾರು?

ತಿದ್ದಿದ ಮರುದಿನವೇ ಬದಲಾವಣೆ ಕಾಣದು. ಕೆಲವು ವಾರ ಬೇಕು, ಕೆಲವೊಮ್ಮೆ ತಿಂಗಳುಗಳೇ ಬೇಕು. 'ಒಂದೇ ವಾರದಲ್ಲಿ ಮೊದಲ ಸ್ಥಾನ ಗ್ಯಾರಂಟಿ' ಎನ್ನುವವರ ಮಾತು ಕೇಳಬೇಡಿ. ಅಂಥ ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ ಎಂದು ಗೂಗಲ್ಲೇ ಹೇಳುತ್ತದೆ.

ನಮ್ಮ ಜಿಲ್ಲೆಯಲ್ಲಿ ಹುಡುಕಾಟವೂ ಹಂಗಾಮಿನ ಜೊತೆ ಏರಿಳಿಯುತ್ತದೆ. ಬೇಸಿಗೆಗೆ ಮೊದಲು ಅಪ್ಪೆಮಿಡಿ, ಮೇ ಹೊತ್ತಿಗೆ ಅಂಕೋಲೆಯ ಕರಿ ಇಶಾಡ ಮಾವು, ಜೂನ್‌ನಿಂದ ಜಲಪಾತಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಒಣಮೀನು ಕೇಳುವವರು ಬರುತ್ತಾರೆ. ಮಳೆ ಬಿಟ್ಟ ಮೇಲೆ ಬೀಚ್, ನೇತ್ರಾಣಿ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ಬಂದಾಗ ಊರಲ್ಲಿ ರೂಮ್ ಹುಡುಕುವವರ ಸಾಲೇ ಇರುತ್ತದೆ. ಹಂಗಾಮು ಶುರುವಾಗಲು ಎರಡು ಮೂರು ತಿಂಗಳ ಮೊದಲೇ ಆ ಪುಟ ಸಿದ್ಧವಿರಬೇಕು.

ಪ್ರತಿ ಸಲ ಹೊಸ ಪುಟ ಮಾಡಬೇಡಿ. ಜಾತ್ರೆಯ ಪುಟದ ವಿಳಾಸದಲ್ಲಿ ವರ್ಷ ಹಾಕದೆ ಒಂದೇ ವಿಳಾಸ ಇಟ್ಟುಕೊಳ್ಳಿ. ಜಾತ್ರೆಯ ದಿನಾಂಕ ಗೊತ್ತಾದ ಕೂಡಲೇ ಟೈಟಲ್‌ನಲ್ಲಿ ವರ್ಷ, ಒಳಗೆ ದಿನಾಂಕ, ರೂಮಿನ ದರ, ವಾಹನ ನಿಲ್ಲಿಸುವ ಜಾಗ ಇಷ್ಟನ್ನು ಬದಲಿಸಿ. ಹಿಂದಿನ ಜಾತ್ರೆಗೆ ಯಾರಾದರೂ ಆ ಪುಟಕ್ಕೆ ಕೊಟ್ಟ ಲಿಂಕ್‌ಗಳು, ಗೂಗಲ್‌ನಲ್ಲಿ ಅದಕ್ಕೆ ಸಿಕ್ಕಿದ್ದ ಜಾಗ ಎರಡೂ ಹಾಗೇ ಉಳಿಯುತ್ತವೆ.